ಗೊರಕೆ ನಾಗಮಣಿ

ನಾಗಮಣಿಗೆ ಮೊದಲಿನಿಂದಲೂ ಮನುಷ್ಯರೆಂದರೆ ಅಷ್ಟಕ್ಕಷ್ಟೇ. ಮದ್ದೂರು ತಾಲ್ಲೂಕಿನ ಆತಗೂರು ಕಡೆಯ ಒಂದು ಕೇರಿಯಲ್ಲಿ ಹುಟ್ಟಿದವಳು, ಊರಿಗೆ ನೀರು ಬಿಡುವ ನೀರುಗಂಟಿ ನಾಗಯ್ಯನ ಮಗಳು. ಮಂಡ್ಯದಲ್ಲಿ ನರ್ಸಿಂಗ್ ಓದುತ್ತಿದ್ದಳು. ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತ ಗಂಡಸರು ಅವಳು ಹತ್ತುವುದನ್ನು ಕಂಡರೆ ತಾವಾಗಿಯೇ ಎದ್ದು ನಿಲ್ಲುತ್ತಿದ್ದರು. ಅವಳ ನಾಲಗೆಯ ರುಚಿ ಒಮ್ಮೆ ನೋಡಿದವರು ಎರಡನೇ ಸಲ ನೋಡಲು ಬಯಸುತ್ತಿರಲಿಲ್ಲ.

ಈಗ ಆ ಕಡೆಯ ಎಷ್ಟೋ ಹುಡುಗರು ಅವಳಿಂದಾಗಿ ಬದುಕಿದ್ದಾರೆ. ಹಾಗೆಂದ ಕೂಡಲೇ ಅವಳನ್ನು ಕರುಣಾಮಯಿ, ತಾಯಿ ಹೃದಯದವಳು ಎಂದೆಲ್ಲ ಹೊಗಳಲು ಕೆಲವರ ಬಾಯಿ ತುರಿಸುತ್ತದೆ. ಅವಳು ಅಂಥವಳಲ್ಲ. ಆ ಹುಡುಗರನ್ನು ಕಂಡರೆ ಅವಳಿಗೆ ಹೇಸಿಗೆಯಾಗುತ್ತಿತ್ತು, ಅದನ್ನು ಅವರ ಮುಖಕ್ಕೇ ಹೇಳುತ್ತಿದ್ದಳು. ಆದರೆ ಸಾಯಲು ಬಿಡುತ್ತಿರಲಿಲ್ಲ.

ಅವಳ ಅಣ್ಣ ಪ್ರಸನ್ನ ಹೆದ್ದಾರಿ ಬದಿಯ ಒಂದು ಎಳನೀರು ಮಂಡಿಯಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಇಡೀ ದಿನ ಲಾರಿಗೆ ಎಳನೀರು ಎಸೆದು ಜೋಡಿಸಿದರೆ ಸೊಂಟ, ರಟ್ಟೆ ಎರಡೂ ನಮ್ಮವಲ್ಲ ಎನಿಸುತ್ತದೆ. ಯಾರೋ ನೋವಿನ ಮಾತ್ರೆ ಕೊಟ್ಟರು. ನೋವು ಹೋಯಿತು, ಜೊತೆಗೆ ಏನೋ ಒಂದು ಸುಖವೂ ಸಿಕ್ಕಿತು. ಅವನೂ ಜೊತೆಯ ಹುಡುಗರೂ ಮೊದಲು ನುಂಗಿದರು, ಆಮೇಲೆ ಅದನ್ನೇ ಕರಗಿಸಿ ಸೂಜಿಯಲ್ಲಿ ಏರಿಸಿಕೊಳ್ಳತೊಡಗಿದರು. ಮಾತ್ರೆ ಮಾರುವವನಿಗೆ ಗೊತ್ತಿತ್ತು, ಮಂಡಿಯ ಮಾಲೀಕರಿಗೂ ಗೊತ್ತಿತ್ತು. ಲಾರಿ ಹೊತ್ತಿಗೆ ಸರಿಯಾಗಿ ತುಂಬುವವರೆಗೆ ಯಾರಿಗೂ ಏನೂ ಕಾಣಿಸಲಿಲ್ಲ. ಮಾತ್ರೆಯ ರುಚಿ ಕಂಡವರಲ್ಲಿ ಕೇರಿಯ ಹುಡುಗರೂ ಇದ್ದರು, ಗೌಡರ ಮನೆಯವರೂ ಇದ್ದರು. ಕೇರಿಯವನು ತೆಗೆದುಕೊಂಡರೆ ಅದು ಚಟ, ಗೌಡರವನು ತೆಗೆದುಕೊಂಡರೆ ಅದು ಕಾಯಿಲೆ. ನಮ್ಮ ಕಡೆ ರೋಗದ ಹೆಸರನ್ನು ಡಾಕ್ಟರು ಇಡುವುದಿಲ್ಲ, ಜಾತಿ ಇಡುತ್ತದೆ.

ಒಂದು ಮಧ್ಯಾಹ್ನ ಪ್ರಸನ್ನ ತೂರಾಡುತ್ತ ಬಂದು ಜಗಲಿಯ ಮೇಲೆ ಬಿದ್ದುಕೊಂಡ. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ದಿನದ ಗೊರಕೆಯಲ್ಲ, ಗಂಟಲಲ್ಲಿ ನೀರು ನಿಂತ ಹಾಗೆ ಗೊರಗೊರ ಸದ್ದು. ತಾಯಿ ದೇವಿರಮ್ಮನಿಗೆ ಸಮಾಧಾನವೇ ಆಯಿತು, ಏಕೆಂದರೆ ಮಗ ನೆಟ್ಟಗೆ ನಿದ್ದೆ ಮಾಡಿ ಬಹಳ ದಿನವಾಗಿತ್ತು. ಮೈಮೇಲೆ ದುಪ್ಪಟಿ ಹೊದಿಸಿದಳು. ನಿದ್ದೆ ಕೆಡಬಾರದೆಂದು ಅಂಗಳದ ಕೋಳಿಗಳನ್ನು ಓಡಿಸಿದಳು, ಪಕ್ಕದ ಮನೆಯ ಮಕ್ಕಳನ್ನು ಗದರಿದಳು. ಗೊರಕೆ ನಿಂತಾಗ, ಈಗ ಒಳ್ಳೆ ನಿದ್ದೆ ಹತ್ತಿತು ಅಂದುಕೊಂಡಳು. ಸಂಜೆ ನಾಗಮಣಿ ಕಾಲೇಜಿನಿಂದ ಬಂದು ದುಪ್ಪಟಿ ಎಳೆದಾಗ ಅಣ್ಣನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಊರವರು ಹೃದಯಾಘಾತ ಎಂದರು. ಇಪ್ಪತ್ತರ ಹರೆಯದವನು ಸತ್ತರೆ ನಮ್ಮಲ್ಲಿ ಹೃದಯಾಘಾತ ಎನ್ನುವುದು ಮರ್ಯಾದೆಯ ಮಾತು. ಆ ಮಾತಿನ ಮೇಲೆ ಎಲ್ಲರೂ ಹಾರ ಹಾಕಿ, ಕಾಫಿ ಕುಡಿದು ಮನೆಗೆ ಹೋದರು. ನಾಗಮಣಿ ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ನೆಟ್ಟಗೆ ಮಂಡಿಗೆ ಹೋಗಿ, ಪ್ರಸನ್ನನ ಜೊತೆಗಾರರ ಮುಂದೆ ನಿಂತಳು.

"ಅವತ್ತು ಅವ್ನ್ ಜೊತೇಲಿ ಯಾರ್ಲಾ ಇದ್ದೋರು?"

ಸಿದ್ದರಾಜು ಎಂಬ ಹುಡುಗ ತಲೆ ತಗ್ಗಿಸಿದ. "ನಾನಿದ್ದೆ ಅಕ್ಕ. ಕೂತಲ್ಲೇ ತೂಕಡುಸ್ತಿದ್ದ. ಮನೆಗೋಗ್ ಮನಿಕೊ ಅಂತ ಕಳುಸ್ಬುಟ್ಟೊ."

"ಆಸ್ಪತ್ರೆಗೆ ಯಾಕ್ ಕರ್ಕಂಡೋಗ್ಲಿಲ್ಲ?"

"ಪೊಲೀಸ್ರು ಬತ್ತಾರೆ ಅಂತ ಬಯ ಆಯ್ತು."

"ನಿಮ್ ಬಯಕ್ಕೆ ನಮ್ಮಣ್ಣ ಸತ್ತ. ನೀವೂ ಇಂಗೇ ಒಬ್ಬೊಬ್ರಾಗಿ ಸಾಯ್ತೀರಿ ಕಣ್ಲಾ. ನಿಮ್ ಮೊಕ ನೋಡುದ್ರೆ ನಂಗೆ ವಾಂತಿ ಬತ್ತದೆ. ಆದ್ರೆ ಇನ್ನೊಬ್ಬ ಅವ್ವ ಕೋಳಿ ಓಡುಸ್ಕಂಡು ಕೂತಿರ್ಬಾರ್ದು."

ಅವರಿಗೆ ಕೋಳಿಯ ಮಾತು ಅರ್ಥವಾಗಲಿಲ್ಲ. ಅವಳು ವಿವರಿಸಲೂ ಇಲ್ಲ.

ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ವನಜಾ ಮೇಡಂ ಹಿಂದೆ ದೊಡ್ಡ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿದ್ದವರು. ನಾಗಮಣಿ ಕೇಳಿದ್ದಕ್ಕೆಲ್ಲ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟರು. ಆ ಮಾತ್ರೆ ಹೆಚ್ಚಾದರೆ ಮೊದಲು ಹೋಗುವುದು ಉಸಿರು, ಆ ಗೊರಕೆ ನಿದ್ದೆಯದಲ್ಲ, ಉಸಿರು ಕಟ್ಟುವುದರ ಸದ್ದು. ಆಂಬುಲೆನ್ಸ್ ಬರುವ ತನಕ ಬಾಯಿಗೆ ಬಾಯಿ ಇಟ್ಟು ಊದುತ್ತಿದ್ದರೆ ಮನುಷ್ಯ ಉಳಿಯುತ್ತಾನೆ. ಆಸ್ಪತ್ರೆಯಲ್ಲಿ ಅದಕ್ಕೆಂದೇ ಒಂದು ಚುಚ್ಚುಮದ್ದು ಇದೆ, ಕೊಟ್ಟರೆ ಎದ್ದು ಕೂರುತ್ತಾನೆ. ಇಷ್ಟೇ. ಇಷ್ಟು ಗೊತ್ತಿಲ್ಲದೆ ತನ್ನ ಅಣ್ಣ ಸತ್ತ ಎನ್ನುವುದು ನಾಗಮಣಿಗೆ ದುಃಖಕ್ಕಿಂತ ಹೆಚ್ಚಾಗಿ ಅವಮಾನವೆನಿಸಿತು.

ಸಹಪಾಠಿ ರಂಜಿತಳನ್ನು ಕಟ್ಟಿಕೊಂಡು ಅವಳು ಭಾನುವಾರಗಳಂದು ಮಂಡಿಗೆ ಹೋಗತೊಡಗಿದಳು. ರಂಜಿತ ದುದ್ದದ ಗೌಡರ ಮನೆಯ ಹುಡುಗಿ, ಮೆಲುಮಾತಿನವಳು. ಇಬ್ಬರೂ ಸೇರಿ ಗೋಣಿಚೀಲಕ್ಕೆ ತೆಂಗಿನ ನಾರು ತುಂಬಿ ಒಂದು ಬೊಂಬೆ ಮಾಡಿದರು. ಅದರ ಬಾಯಿಗೆ ಬಾಯಿ ಇಡಿ ಎಂದರೆ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

"ನಗ್ರಿ, ನಗ್ರಿ," ಎಂದಳು ನಾಗಮಣಿ. "ನಾಳೆ ನಿಮ್ ಬಾಯ್ ನೀಲಿಯಾದಾಗ ಪಕ್ಕದೋನು ಇಂಗೇ ನಗ್ತಾ ಕೂತಿರ್ತಾನೆ."

ನಗು ನಿಂತಿತು. ಅವಳು ಹೇಳಿಕೊಟ್ಟಳು. ಒಬ್ಬೊಬ್ಬರೇ ಹೋಗಿ ತಗೋಬೇಡಿ. ಮೇಲೆ ಎಣ್ಣೆ ಹೊಡೆಯಬೇಡಿ. ಒಬ್ಬರ ಸೂಜಿ ಇನ್ನೊಬ್ಬರು ಮುಟ್ಟಬೇಡಿ. ಎಬ್ಬಿಸಿದರೆ ಏಳದವನು, ಗೊರಗೊರ ಎನ್ನುವವನು ಮಲಗಿಲ್ಲ, ಸಾಯುತ್ತಿದ್ದಾನೆ. ನೂರೆಂಟಕ್ಕೆ ಫೋನ್ ಮಾಡಿ, ಊದಿ, ಉಸಿರು ಬಂದರೆ ಮಗ್ಗುಲಿಗೆ ತಿರುಗಿಸಿ. ಓಡಿಹೋಗಬೇಡಿ.

"ಮಾತ್ರೆ ಬುಡಿ ಅಂತ ಯೇಳಕಿಲ್ವ ಅಕ್ಕ?" ಎಂದ ಸಿದ್ದರಾಜು.

"ಯೇಳುದ್ರೆ ಬುಟ್ಬುಡ್ತೀಯಾ?"

"ಇಲ್ಲ."

"ಮತ್ಯಾಕ್ ಬಾಯ್ ನೋಯುಸ್ಕಳ್ಲಿ? ಮೊದ್ಲು ಬದುಕಿರು. ಬುಡೋ ಬುದ್ದಿ ಬಂದ್ ದಿನ ಬಾ, ವನಜಾ ಮೇಡಂ ತಾವ್ ಕರ್ಕಂಡೋಯ್ತೀನಿ. ಸತ್ತೋನು ಯಾವ್ದನ್ನೂ ಬುಡಕಾಗಕಿಲ್ಲ."

ಮೊದಲು ಬಿದ್ದವನೂ ಅವನೇ. ಮಂಡಿಯ ಹಿಂದೆ, ಎಳನೀರು ಬುರುಡೆಗಳ ರಾಶಿಯ ಪಕ್ಕ ಗೊರಗುಟ್ಟುತ್ತ ಬಿದ್ದಿದ್ದ. ಜೊತೆಯವರು ಓಡಿಹೋಗಲಿಲ್ಲ. ಸರದಿಯಲ್ಲಿ ಊದಿದರು. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಸಿದ್ದರಾಜು ಮೊದಲು ಕೇಳಿದ್ದು, "ನನ್ ಚಪ್ಲಿ ಎಲ್ಲ್ ಬಿದ್ದೋದೊ?" ನಾಗಮಣಿ ಅವನನ್ನು ನೋಡಲೂ ಹೋಗಲಿಲ್ಲ. ಊದಿದ ಹುಡುಗರಿಗೆ ಮಾತ್ರ, "ಓಗ್ಲಿ, ಒಂದ್ ದಿನಕ್ಕಾದ್ರೂ ಮನುಸ್ರಾದ್ರಿ" ಎಂದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಕೇಳಿಲ್ಲ. ಊರಲ್ಲಿ ಮಾತ್ರ ಅವಳಿಗೆ ಗೊರಕೆ ನಾಗಮಣಿ ಎಂಬ ಅಡ್ಡಹೆಸರು ಬಿತ್ತು.

ಇಷ್ಟರಲ್ಲಿ ಊರಿನ ದೊಡ್ಡವರಿಗೂ ಎಚ್ಚರವಾಯಿತು. ದೊಡ್ಡವರಿಗೆ ಎಚ್ಚರವಾದರೆ ಏನಾಗುತ್ತದೆ? ಫ್ಲೆಕ್ಸ್ ಆಗುತ್ತದೆ. ಮಾದಕ ಮುಕ್ತ ಗ್ರಾಮ ಎಂದು ಬರೆಸಿ, ಸುತ್ತ ತಮ್ಮ ತಮ್ಮ ಮುಖ ಹಾಕಿಸಿಕೊಂಡು ನಿಲ್ಲಿಸಿದರು. ಶಾಲೆ ಮಕ್ಕಳನ್ನು ಬಿಸಿಲಲ್ಲಿ ಮೆರವಣಿಗೆ ಮಾಡಿಸಿದರು. ಮಾತ್ರೆಯ ಮುಖ ಕಾಣದ ಮಕ್ಕಳ ಕೈಯಲ್ಲಿ ಮಾತ್ರೆ ಮುಟ್ಟುವುದಿಲ್ಲ ಎಂದು ಪ್ರಮಾಣ ಮಾಡಿಸಿದರು. ಮಂಡಿಯ ಹಿಂದಕ್ಕೆ ಒಬ್ಬನೂ ಬರಲಿಲ್ಲ. ಸಂಜೆಗೆ ಆ ಪ್ರಮಾಣದ ಆಯಾಸ ಕಳೆಯಲು ವೇದಿಕೆಯ ಮೇಲಿದ್ದವರೆಲ್ಲ ಬಾರಿನ ಫ್ಯಾಮಿಲಿ ರೂಮಿನಲ್ಲಿ ಸೇರಿದ್ದನ್ನು ಊರೇ ನೋಡಿತು.

ವಾರ ಕಳೆದು ಗಾಳಿಗೆ ಫ್ಲೆಕ್ಸ್ ಕಿತ್ತು ಬಿತ್ತು. ನಾಗಮಣಿ ಅದನ್ನು ಮಡಿಸಿ ಮಂಡಿಗೆ ತಂದು ನೆಲಕ್ಕೆ ಹಾಸಿದಳು. ಹುಡುಗರು ಮುಖಂಡರ ಮುಖಗಳ ಮೇಲೆ ಮಂಡಿಯೂರಿ ಗೋಣಿಬೊಂಬೆಗೆ ಊದುವುದನ್ನು ಕಲಿತರು. ಆ ಮುಖಗಳಿಂದ ಊರಿಗೆ ಆದ ಉಪಕಾರ ಅದೊಂದೇ.

ಸುದ್ದಿ ಮುಟ್ಟಬೇಕಾದವರಿಗೆ ಮುಟ್ಟಿತು. ಪಂಚಾಯ್ತಿ ಸದಸ್ಯನೊಬ್ಬ ನಾಗಯ್ಯನನ್ನು ಕರೆಸಿದ.

"ಏನಯ್ಯ ನಾಗಯ್ಯ, ನಿನ್ ಮಗಳು ಹುಡುಗ್ರಿಗೆ ಹೆಂಗ್ ಚುಚ್ಕೋಬೇಕು ಅಂತ ಪಾಠ ಮಾಡ್ತಾವ್ಳಂತೆ. ಬಾಯ್ ಮುಚ್ಸು. ಇಲ್ದಿದ್ರೆ ನಿನ್ ಕೆಲ್ಸ ನೋಡ್ಕೋಬೇಕಾಯ್ತದೆ."

ನಾಗಯ್ಯ ಜೀವಮಾನವೆಲ್ಲ ಇಂಥವರ ಮುಂದೆ ಕೈಕಟ್ಟಿ ನಿಂತವನು. ಅವತ್ತೂ ಕೈಕಟ್ಟಿಯೇ ನಿಂತಿದ್ದ. "ನೀರ್ ಬುಡೋದು, ನಿಲ್ಸೋದು ನನ್ ಕೆಲ್ಸ ಸ್ವಾಮಿ. ಅವ್ಳ್ ಬಾಯ್ಗೆ ವಾಲ್ವಿಲ್ಲ" ಎಂದ. ಬೇಸಿಗೆ ಹತ್ತಿರ ಬಂದಿತ್ತು, ಕೇರಿಯ ಆಚೆ ಈಚೆ ಎಲ್ಲ ಬೀದಿಯ ವಾಲ್ವು ಎಲ್ಲಿದೆ ಎನ್ನುವುದು ಅವನೊಬ್ಬನಿಗೇ ಗೊತ್ತಿತ್ತು. ಸದಸ್ಯ, ಹೋಗು ಹೋಗು ಎಂದು ಕೈಬೀಸಿದ.

ಫ್ಲೆಕ್ಸಿನಿಂದ ಊರಿನವರ ಹೊಟ್ಟೆ ತುಂಬದಿದ್ದಾಗ ಚಲುವರಾಜು ಬಂದ. ಇವನು ಮಳವಳ್ಳಿ ರಸ್ತೆಯಲ್ಲಿ, ನಡೆಯದೆ ನಿಂತುಹೋದ ಒಂದು ಕೋಳಿ ಫಾರಮ್ಮನ್ನು ಬಾಡಿಗೆಗೆ ಹಿಡಿದು ವ್ಯಸನಮುಕ್ತಿ ಶಿಬಿರ ಎಂದು ಬೋರ್ಡು ಹಾಕಿದವನು. ಡಾಕ್ಟರಲ್ಲ, ನರ್ಸಲ್ಲ, ಒಂದು ಕಾಲಕ್ಕೆ ಚೀಟಿ ನಡೆಸುತ್ತಿದ್ದ. ಬಿಳಿ ಜುಬ್ಬಾ, ಹೆಗಲ ಮೇಲೆ ಮಡಿಸಿದ ಶಾಲು, ಮಾತು ಜೇನು. ಹುಡುಗರನ್ನು ವ್ಯಾನಿನಲ್ಲಿ ತುಂಬಿಕೊಂಡು ಹೋಗಿ, ಹೊರಗಿನಿಂದ ಬೀಗ ಹಾಕಿ, ಬೆಳಿಗ್ಗೆ ಭಜನೆ ಮಾಡಿಸಿ, ಎದುರು ಮಾತಾಡಿದರೆ ಬೆತ್ತದಲ್ಲಿ ಬಾರಿಸಿ ಕೆಲವು ವಾರ ಇಟ್ಟುಕೊಳ್ಳುತ್ತಿದ್ದ. ಕೊನೆಗೊಂದು ಸಮಾರೋಪ, ಎಲ್ಲರಿಗೂ ಹಾರ, ಫೋಟೊ. ಹುಡುಗ ಶುದ್ಧನಾದ ಎಂದು ಅವ್ವ ಅಪ್ಪಂದಿರು ಕಣ್ಣೀರಿಟ್ಟು ಕರೆದುಕೊಂಡು ಹೋಗುತ್ತಿದ್ದರು.

ಸಿದ್ದರಾಜುವನ್ನೂ ಅವನ ಮನೆಯವರು ಅಲ್ಲಿಗೆ ಕಳಿಸಿದರು. ಹಾರ ಹಾಕಿಸಿಕೊಂಡು ಬಂದವನು ಹಾರ ಬಾಡುವ ಮೊದಲೇ ಸತ್ತ. ಮನೆಗೆ ಬಂದ ಮಾರನೆಯ ದಿನ, ತಾನು ಶುದ್ಧನಾದವನು, ಇನ್ನು ಮಂಡಿಯವರ ಕಣ್ಣಿಗೆ ಬೀಳಬಾರದು ಎಂದು ಒಬ್ಬನೇ ಹೋಗಿ, ಮೊದಲು ತೆಗೆದುಕೊಳ್ಳುತ್ತಿದ್ದಷ್ಟನ್ನೇ ತೆಗೆದುಕೊಂಡಿದ್ದ. ಊದಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಚಲುವರಾಜು ಸಾವಿನ ಮನೆಗೂ ಬಂದ, ಶಾಲಿನ ಮಡಿಕೆ ಸರಿಮಾಡಿಕೊಂಡು ಹೇಳಿದ: "ನಾವು ದಾರಿ ತೋರ್ಸಿದ್ವಿ. ಮನೋಬಲ ಇರ್ಲಿಲ್ಲ ಹುಡುಗನಿಗೆ."

ಸಿದ್ದರಾಜುವಿನ ತಾಯಿ ಅವನಿಗೆ ಕೈಮುಗಿದಳು. ಅದನ್ನು ನೋಡಿದ ನಾಗಮಣಿಗೆ ಅವನಿಗಿಂತ ಆ ಮುಗಿದ ಕೈಗಳ ಮೇಲೆ ಹೆಚ್ಚು ಸಿಟ್ಟು ಬಂತು.

ವನಜಾ ಮೇಡಂ ಹೇಳಿದರು: ಕೆಲವು ವಾರ ಬಿಟ್ಟಿದ್ದರೆ ಮೈಗೆ ಹಳೆಯ ಅಭ್ಯಾಸ ಹೋಗಿರುತ್ತದೆ, ಹಳೆಯ ಅಳತೆಯೇ ಆಗ ವಿಷವಾಗುತ್ತದೆ. ಜೈಲಿನಿಂದ ಬಂದವರು, ಶಿಬಿರದಿಂದ ಬಂದವರು ಹೆಚ್ಚು ಸಾಯುವುದು ಆ ಮೊದಲ ದಿನಗಳಲ್ಲೇ. ಮುಂದಿನ ಸಮಾರೋಪದ ದಿನ ನಾಗಮಣಿ ರಂಜಿತಳ ಜೊತೆ ಮಳವಳ್ಳಿ ಬಸ್ಸು ಹತ್ತಿದಳು.

ಶಾಮಿಯಾನದ ಕೆಳಗೆ ಹುಡುಗರನ್ನು ಸಾಲಾಗಿ ಕೂರಿಸಿದ್ದರು. ಮುಂದೆ ಅವ್ವ, ಅಪ್ಪ, ಅಜ್ಜಿಯರು. ಚಲುವರಾಜು ಮೈಕಿನಲ್ಲಿ, "ಇವತ್ತು ನಿಮ್ಮ ಮಕ್ಕಳು ಮತ್ತೆ ಹುಟ್ಟಿದ್ದಾರೆ" ಎನ್ನುತ್ತಿದ್ದಾಗ ನಾಗಮಣಿ ನಡುವೆ ಎದ್ದು ನಿಂತಳು. ಅವಳಿಗೆ ಮೈಕು ಬೇಕಿರಲಿಲ್ಲ.

"ಕೇಳ್ರವ್ವ. ಈ ಹುಡುಗ್ರು ಇನ್ನೊಂದ್ ಸಲ ತಗಂಡೇ ತಗತಾರೆ. ಎಲ್ರೂ ಅಲ್ದಿದ್ರೂ ಅರ್ದ ಜನ. ಮೊದುಲ್ನಷ್ಟೇ ತಗಂಡ್ರೆ ಸಾಯ್ತಾರೆ. ನಮ್ ಸಿದ್ರಾಜು ಇಲ್ಲಿಂದ್ಲೇ ಆರ ಆಕಸ್ಕಂಡ್ ಬಂದು ಸತ್ತ. ಇವ್ರನ್ನ ಒಂಟಿ ಬುಡ್ಬ್ಯಾಡಿ. ಅಗಲೊತ್ನಲ್ಲಿ ಗೊರ್ಕೆ ಹೊಡುದ್ರೆ ಎಬ್ಸಿ. ಏಳ್ದಿದ್ರೆ ಬಾಯ್ಗೆ ಊದಿ, ನೂರೆಂಟ್ಕೆ ಪೋನ್ ಮಾಡಿ."

ಶಾಮಿಯಾನದಲ್ಲಿ ಗದ್ದಲವಾಯಿತು. ಶುಭ ಕಾರ್ಯದಲ್ಲಿ ಸಾವಿನ ಮಾತಾಡಿದಳೆಂದು ಹೆಂಗಸರು ಶಾಪ ಹಾಕಿದರು. ಚಲುವರಾಜು ಮುಗುಳ್ನಗುತ್ತ, "ಪಾಪ, ಅಣ್ಣನನ್ನು ಕಳೆದುಕೊಂಡವಳು, ತಲೆ ಸರಿಯಿಲ್ಲ" ಎಂದ. ಅವನ ಕಡೆಯವರು ಅವಳ ತೋಳು ಹಿಡಿದು ಗೇಟಿನಾಚೆ ತಳ್ಳಿದರು.

"ತಲೆ ಸರಿಯಾಗೇ ಅದೆ," ಎಂದಳು ಅವಳು, ರಸ್ತೆಯಲ್ಲಿ ನಿಂತು ಸೆರಗಿನ ಧೂಳು ಕೊಡವುತ್ತ. "ಸರಿಯಿಲ್ದಿರೋದು ಈ ಕುರಿ ಮಂದೆ."

ಸ್ವಲ್ಪ ಹೊತ್ತಿಗೆ ಒಬ್ಬ ಮುದುಕಿ ಗೇಟಿನಿಂದ ಹೊರಗೆ ಬಂದಳು. ಕೊತ್ತತ್ತಿಯ ಚಿಕ್ಕಬೋರಮ್ಮ. ನಾಲೆ ನೀರಿನ ಗದ್ದೆ, ದೊಡ್ಡ ಮನೆ, ಬಾಯಲ್ಲಿ ಸದಾ ಎಲೆ ಅಡಿಕೆ. ಮೊಮ್ಮಗ ಶಶಿಧರ್ ಶಾಮಿಯಾನದಲ್ಲಿ ಹಾರಕ್ಕೆ ಕತ್ತು ಕೊಟ್ಟು ಕೂತಿದ್ದ. ಚಿಕ್ಕಬೋರಮ್ಮ ನಾಗಮಣಿಯ ಕಡೆ ತಿರುಗಿಯೂ ನೋಡದೆ ರಂಜಿತಳನ್ನು ಕೇಳಿದಳು.

"ನೀನ್ಯಾವೂರ್ ಮಗ?"

"ದುದ್ದ ಅಜ್ಜಿ."

"ನಮ್ಮೋಳೇ ಅನ್ನು. ಆ ಹುಡುಗಿ ಯೇಳಿದ್ದು ನಿಜ್ವಾ?"

"ನಿಜ ಅಜ್ಜಿ. ಅವಳನ್ನೇ ಕೇಳಿ, ಇಲ್ಲೇ ಇದ್ದಾಳಲ್ಲ."

ಮುದುಕಿ ಕೇಳಲಿಲ್ಲ. ತನ್ನ ಬಟನ್ ಫೋನನ್ನು ರಂಜಿತಳ ಕೈಗಿಟ್ಟು ನಿನ್ನ ನಂಬರ್ ಹಾಕಿಕೊಡು ಎಂದಳು. ರಂಜಿತ ಹಾಕಿದ್ದು ನಾಗಮಣಿಯ ನಂಬರನ್ನು. ಒಂದು ಗುಂಡಿ ಒತ್ತಿ ಹಿಡಿದರೆ ಸಾಕು, ಕರೆ ಹೋಗುವ ಹಾಗೆ ಮಾಡಿಕೊಟ್ಟಳು.

ಆ ವಾರದಲ್ಲೇ ಫೋನು ಬಂತು. ಮಧ್ಯಾಹ್ನದ ಊಟದ ಹೊತ್ತು, ನಾಗಮಣಿ ಕಾಲೇಜಿನ ಅಂಗಳದಲ್ಲಿ ಡಬ್ಬಿ ಬಿಚ್ಚಿದ್ದಳು.

"ನಾನು ಕಣವ್ವ, ಕೊತ್ತತ್ತಿ ಚಿಕ್ಬೋರಿ. ಸಸಿ ಗೊರ್ಕೆ ಹೊಡೀತಾವ್ನೆ. ಏಳ್ತಾ ಇಲ್ಲ. ಮನೇಲಿ ಯಾರೂ ಇಲ್ಲ, ಎಲ್ಲ ಗದ್ದೆಗೋಗವ್ರೆ."

"ತುಟಿ ಯಾವ್ ಬಣ್ಣ ಅದೆ?"

"ಕಪ್ಪಾಗದೆ. ಅಯ್ಯೋ ನನ್ ಕಂದ..."

"ಅಳ್ಬ್ಯಾಡ ಕಣಜ್ಜಿ. ಆಮೇಲ್ ಅಳೀವಂತೆ. ಪೋನ್ ದೊಡ್ಡ್ ಸದ್ದಿಗಾಕಿ ಕೆಳಗಿಡು. ಬಾಯ್ಲಿರೋ ಎಲೆಡ್ಕೆ ಉಗಿ. ಅವುನ್ನ ಅಂಗಾತ ಮನಗ್ಸಿ ಗದ್ದ ಮೇಲೆತ್ತು. ಮೂಗ್ ಒತ್ತಿಡ್ದು ಬಾಯ್ಗೆ ಬಾಯಿಟ್ಟು ಊದು."

ಪಕ್ಕದಲ್ಲಿ ರಂಜಿತ ಆಗಲೇ ಆಂಬುಲೆನ್ಸಿಗೆ ಕೊತ್ತತ್ತಿಯ ಗುರುತು ಹೇಳುತ್ತಿದ್ದಳು. ಫೋನಿನಲ್ಲಿ ಮುದುಕಿಯ ಏದುಸಿರು ಕೇಳುತ್ತಿತ್ತು.

"ಎದೆ ಏಳ್ತದಾ?"

"ಏಳ್ತದೆ ಕಣವ್ವ."

"ಅಂಗಾರೆ ನಿಲ್ಲುಸ್ಬ್ಯಾಡ. ನಾನ್ ಯೇಳ್ದಾಗೆಲ್ಲ ಊದು. ಈಗ. ಈಗ."

"ಸುಸ್ತಾಯ್ತದೆ ಕಣೆ..."

"ಸುಸ್ತಾದ್ರೆ ಅವುನ್ ತಿತಿಲಿ ಕೂತ್ಕಂಡು ಸುದಾರುಸ್ಕೊ. ಈಗ ಊದು."

ಆ ಮನೆಯ ಯಜಮಾನಿಗೆ ಅಂಥ ಮಾತನ್ನು ಯಾರೂ ಆಡಿದ್ದಿಲ್ಲ. ಅವಳು ಊದಿದಳು. ಆಂಬುಲೆನ್ಸಿನವರು ಒಳಗೆ ಬಂದು ಅವಳನ್ನು ಪಕ್ಕಕ್ಕೆ ಸರಿಸುವ ತನಕ ಊದುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ಚುಚ್ಚುಮದ್ದು ಬಿದ್ದ ಮೇಲೆ ಶಶಿಧರ್ ಎದ್ದು ಕೂತು, ಮೈಯೆಲ್ಲ ನೋವು, ಯಾಕೆ ಎಬ್ಬಿಸಿದಿರಿ ಎಂದು ಎಲ್ಲರ ಮೇಲೂ ರೇಗಾಡಿದನಂತೆ. ಕೃತಜ್ಞತೆ ಆ ಮಾತ್ರೆಯ ಗುಣವಲ್ಲ, ಆ ಮನೆತನದ ಗುಣವೂ ಅಲ್ಲ.

ಕೆಲವು ದಿನ ಬಿಟ್ಟು ಚಿಕ್ಕಬೋರಮ್ಮ ಆಟೊ ಮಾಡಿಕೊಂಡು ಕೇರಿಗೆ ಬಂದಳು. ನಾಗಮಣಿಯ ಮನೆಯ ಮುಂದೆ ನಿಂತಳು. ಒಳಗೆ ಗೋಡೆಯ ಮೇಲಿನ ಬುದ್ಧನ ಪಟ ಅವಳಿಗೆ ಕಾಣುತ್ತಿತ್ತು. ದೇವಿರಮ್ಮ ಒಳಗೆ ಬನ್ನಿ ಅಂದರೂ ಹೊಸಿಲು ದಾಟಲಿಲ್ಲ. ಲೋಟದಲ್ಲಿ ನೀರು ತಂದುಕೊಟ್ಟರೆ, "ಈಗಿನ್ನೂ ಕಾಪಿ ಕುಡ್ದು ಬಂದೆ ಕಣವ್ವ" ಎಂದಳು.

ನಾಗಮಣಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಬಾಯ್ಗೆ ಬಾಯಿಟ್ಟು ಊದೋದ್ ಕಲ್ತೆ. ನಮ್ ಮನೆ ನೀರ್ ಕುಡಿಯೋದ್ ಕಲೀಲಿಲ್ವ ಅಜ್ಜಿ?"

ಮುದುಕಿಯ ಮುಖ ಕೆಂಪಾಯಿತು. ತಲೆ ತಗ್ಗಿಸಿದಳು, ಆದರೆ ಲೋಟಕ್ಕೆ ಕೈ ಚಾಚಲಿಲ್ಲ. ಸೆರಗು ಸರಿಮಾಡಿಕೊಂಡು ಕೇಳಿದಳು: "ಆ ಸಿಬಿರ್ದಲ್ಲಿ ಮತ್ಯಾವಾಗಂತೆ ಆರ ಆಕೋದು? ನಾನೂ ಬತ್ತೀನಿ. ನಾನ್ ಯೇಳುದ್ರೆ ನಮ್ಮೋರು ಕೇಳ್ತಾರೆ."

ಅದು ನಿಜ ಎನ್ನುವುದು ನಾಗಮಣಿಗೆ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಮೈ ಉರಿಯಿತು. ತಾನು ಗಂಟಲು ಹರಿದುಕೊಂಡು ಹೇಳಿದರೆ ತಲೆ ಸರಿಯಿಲ್ಲದವಳು, ಈ ಎಲೆಯಡಿಕೆ ಬಾಯಿ ಹೇಳಿದರೆ ವೇದವಾಕ್ಯ. ಆದರೂ ದಿನ ಹೇಳಿದಳು. ತಾಯಿಯ ಕೈಯಿಂದ ಲೋಟ ಇಸಿದುಕೊಂಡು ಆ ನೀರನ್ನು ತಾನೇ ಕುಡಿದಳು.

ಮುಂದಿನ ಸಮಾರೋಪಕ್ಕೆ ರಂಜಿತಳೂ ಸೇರಿ ಮೂವರೂ ಹೋದರು. ನೀರು ಕುಡಿಯದವಳ ಪಕ್ಕದಲ್ಲೇ ನಾಗಮಣಿ ಬಸ್ಸಿನಲ್ಲಿ ಕೂತಳು. ಚಿಕ್ಕಬೋರಮ್ಮ ಗೇಟಿನಲ್ಲಿ ನಿಂತು, ಒಳಗೆ ಹೋಗುವ ಒಬ್ಬೊಬ್ಬ ಹೆಂಗಸಿನ ಕೈ ಹಿಡಿದು ತನ್ನ ಮೊಮ್ಮಗನ ಕಥೆ ಹೇಳಿದಳು. ಅವಳನ್ನು ತಳ್ಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಆಮೇಲಿನ ಸಮಾರೋಪಗಳಿಗೂ ಬಂದಳು.

ಚಲುವರಾಜು ಗಾಳಿ ಬಂದ ಕಡೆ ತೂರುವವನು. ಕೆಲವು ತಿಂಗಳಿಗೆ ತಾನೇ ಮೈಕಿನಲ್ಲಿ ಹೇಳತೊಡಗಿದ: "ಮೊದಲ ದಿನಗಳಲ್ಲಿ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಗೊರಕೆಯ ಬಗ್ಗೆ ಎಚ್ಚರವಿರಲಿ. ಇದು ನನ್ನ ಅನುಭವದ ಮಾತು." ಗೋಣಿಚೀಲದ ಬದಲು ಪ್ಲಾಸ್ಟಿಕ್ ಬೊಂಬೆಯನ್ನೇ ತರಿಸಿದ. ಅದರ ಜೊತೆ ನಿಂತ ಅವನ ಫೋಟೊ ಪತ್ರಿಕೆಯಲ್ಲಿ ಬಂತು, ಜೀವರಕ್ಷಕ ಎಂಬ ತಲೆಬರಹದೊಂದಿಗೆ.

ರಂಜಿತ ಆ ಪತ್ರಿಕೆ ಹಿಡಿದುಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡು ಬಂದಳು. "ನೋಡೇ ಮಣಿ. ಎಲ್ಲ ನಿನ್ನ ಮಾತೇ."

ಅಷ್ಟರಲ್ಲಿ ನಾಗಮಣಿಯ ಓದು ಮುಗಿದಿತ್ತು. ಮಂಡ್ಯದ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದಳು. ಮಂಡಿಯಲ್ಲಿ ಹಳೆಯ ಹುಡುಗರೇ ಹೊಸಬರಿಗೆ ಕಲಿಸುತ್ತಿದ್ದರು, ಕೆಲವರು ವನಜಾ ಮೇಡಂ ತೋರಿಸಿದ ಡಾಕ್ಟರ ಬಳಿ ಔಷಧಿ ಶುರುಮಾಡಿದ್ದರು. ಕಬ್ಬಿನ ಗದ್ದೆಯಲ್ಲಿ ಒಂಟಿಯಾಗಿ ತೆಗೆದುಕೊಂಡ ಒಬ್ಬ ಮಾತ್ರ ಆ ಬೇಸಿಗೆಯಲ್ಲಿ ಸತ್ತ. ಶಶಿಧರ್ ಬಿಡುತ್ತಾನೆ, ಮತ್ತೆ ಹಿಡಿಯುತ್ತಾನೆ, ಮತ್ತೆ ಬಿಡುತ್ತಾನೆ. ಬದುಕಿದ್ದಾನೆ.

ನಾಗಮಣಿ ಫೋಟೊ ನೋಡಿದಳು. "ಕದ್ದಾದ್ರೂ ಯೇಳ್ಲಿ ಬುಡು. ಅವ್ನ್ ಬಾಯಿ ಕೊಚ್ಚೆ, ಆದ್ರೆ ಮಾತ್ ಸರಿಯಾಗದೆ. ಅವ್ವಂದ್ರಿಗೆ ಮಾತ್ ಸಾಕು."

"ನಿಂಗೆ ಬೇಜಾರಾಗಲ್ವ?"

"ಬೇಜಾರಾಗಕ್ಕೆ ಮೊದ್ಲು ಅವ್ನ್ ಮ್ಯಾಲೆ ಗೌರವ ಇರ್ಬೇಕಲ್ಲ."

ಮಧ್ಯಾಹ್ನದ ಪಾಳಿಗೆ ಹೊತ್ತಾಗಿತ್ತು. ಅವಳು ಪತ್ರಿಕೆಯನ್ನು ರಂಜಿತಳ ಕೈಗೆ ವಾಪಸ್ ಕೊಟ್ಟು, ಕೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡು ಮಂಡ್ಯದ ಬಸ್ಸಿಗೆ ಹೊರಟಳು.